ಡೇರಿ ಲೆಕ್ಕಕ್ಕೆ ಯಾವ ಚಾರ್ಟು?

ಪ್ರಶ್ನೆ: ನಾನು ನಮ್ಮೂರ ಹಾಲಿನ ಡೇರಿಯ ಕಾರ್ಯದರ್ಶಿ. ಎರಡೂ ಹೊತ್ತಿನ ಲೆಕ್ಕ ಕಂಪ್ಯೂಟರಿನ ಡೇಟಾಬೇಸ್‌ನಲ್ಲಿದೆ. ಸರ್ವಸದಸ್ಯರ ಸಭೆಗೆ ತೋರಿಸೋಣ ಅಂತ ವರ್ಷದ ಡೇಟಾ ಪೂರ್ತಿ ಎಕ್ಸೆಲ್‌ಗೆ ಹಾಕಿ ಪೈ ಚಾರ್ಟ್ ಒತ್ತಿದರೆ ಬರೀ ಬಣ್ಣದ ಗೋಜಲು. ಏನು ಮಾಡಲಿ?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಮೊದಲು ಪೈ ಚಾರ್ಟ್ ಬಿಡಿ. ಹನ್ನೆರಡು ತಿಂಗಳಿಗೆ ಹನ್ನೆರಡು ಹೋಳು ಮಾಡಿದರೆ ಯಾವುದು ದೊಡ್ಡದು ಅಂತ ಯಾರಿಗೂ ತಿಳಿಯುವುದಿಲ್ಲ.

ಸಭೆಯಲ್ಲಿ ಜನ ಏನು ಕೇಳುತ್ತಾರೆ? ಹಾಲು ಯಾವ ತಿಂಗಳು ಇಳಿಯಿತು, ಫ್ಯಾಟ್ (ಹಾಲಿನ ಕೊಬ್ಬಿನಂಶ) ಹೇಗಿತ್ತು, ಅಷ್ಟೇ ಅಲ್ವಾ? ಒಂದೊಂದಕ್ಕೆ ಒಂದೊಂದು ಚಾರ್ಟ್ ಸಾಕು.

ಒಬ್ಬರು ಒಂದು ಹೊತ್ತು ಹಾಕಿದ ಹಾಲಿಗೆ ಒಂದು ಸಾಲು ಅಂದರೂ, ನೂರು ಜನ ದಿನಾ ಎರಡು ಹೊತ್ತು ಹಾಕಿದರೆ ವರ್ಷಕ್ಕೆ 73,000 ಸಾಲು, ಅಷ್ಟನ್ನೂ ಹಾಗೇ ಸುರಿದರೆ ಗೋಜಲಾಗದೆ ಇನ್ನೇನಾದೀತು? ಇನ್ಸರ್ಟ್ ಮೆನುವಿನಲ್ಲಿ ಪಿವೋಟ್ ಟೇಬಲ್ ತೆರೆಯಿರಿ, ಸಾವಿರಾರು ಸಾಲನ್ನು ಗುಂಪು ಮಾಡಿ ಮೊತ್ತ ಹಾಕಿಕೊಡುವುದು ಅದೇ. ತಾರೀಕನ್ನು ರೋಸ್ (Rows) ಎಂಬ ಚೌಕಕ್ಕೆ, ಲೀಟರನ್ನು ವ್ಯಾಲ್ಯೂಸ್ (Values) ಚೌಕಕ್ಕೆ ಎಳೆಯಿರಿ. ತಾರೀಕಿನ ಮೇಲೆ ರೈಟ್ ಕ್ಲಿಕ್ ಮಾಡಿ ತಿಂಗಳ ಪ್ರಕಾರ ಗ್ರೂಪ್ ಮಾಡಿ, ಜೊತೆಗೆ ಇಯರ್ಸ್ ಕೂಡ ಆರಿಸಿ. ನಿಮ್ಮ ಲೆಕ್ಕ ಏಪ್ರಿಲ್‌ನಿಂದ ಶುರು, ಇಯರ್ಸ್ ಬಿಟ್ಟರೆ ಜನವರಿ ಮುಂದೆ ಬಂದು ಕೂರುತ್ತದೆ. ಗ್ರೂಪ್ ಆಗದೆ ಹಠ ಮಾಡಿದರೆ ತಾರೀಕು ಟೆಕ್ಸ್ಟ್ ಆಗಿ ಸೇರಿಕೊಂಡಿರಬಹುದು. ಟೆಕ್ಸ್ಟ್ ಟು ಕಾಲಮ್ಸ್‌ಗೆ ಹೋಗಿ, ಡೇಟ್ ಎಂಬಲ್ಲಿ ಡಿಎಂವೈ (ದಿನ, ತಿಂಗಳು, ವರ್ಷ) ಕೊಡಿ.

ಫ್ಯಾಟ್ ವಿಷಯದಲ್ಲಿ ಮಾತ್ರ ಹುಷಾರು, ಸುಮ್ನೆ ಆವರೇಜ್ ಒತ್ತಬೇಡಿ. ಒಬ್ಬರು 5 ಫ್ಯಾಟಿನ 2 ಲೀಟರ್, ಇನ್ನೊಬ್ಬರು 3.5 ಫ್ಯಾಟಿನ 8 ಲೀಟರ್ ಹಾಕಿದರು ಅನ್ನಿ. ಎಕ್ಸೆಲ್ 4.25 ಅನ್ನುತ್ತದೆ, ಕ್ಯಾನಿನಲ್ಲಿರುವುದು 3.8! ಲೀಟರನ್ನು ಫ್ಯಾಟಿನಿಂದ ಗುಣಿಸಿದ ಹೊಸ ಕಾಲಮ್ ಮಾಡಿ, ಅದರ ಮೊತ್ತವನ್ನು ಒಟ್ಟು ಲೀಟರಿನಿಂದ ಭಾಗಿಸಿ. ಹಾಲು ಯೂನಿಯನ್ (ಡೇರಿಯಿಂದ ಹಾಲು ಕೊಳ್ಳುವ ಒಕ್ಕೂಟ) ಕೊಟ್ಟ ಲೆಕ್ಕ ಹಿಡಿದುಕೊಂಡು ಬರುವವರು ಸಭೆಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ, ಅವರು ಬಿಡುತ್ತಾರಾ?

ಲೀಟರಿಗೆ ಕಂಬದ ಚಾರ್ಟ್ ಹಾಕಿ. ಕಂಬ ಸೊನ್ನೆಯಿಂದಲೇ ಏಳಬೇಕು, ಇಲ್ಲದಿದ್ದರೆ ಚೂರು ಇಳಿದದ್ದೂ ಅರ್ಧಕ್ಕರ್ಧ ಬಿದ್ದಂತೆ ಕಾಣುತ್ತದೆ. ಫ್ಯಾಟಿಗೆ ಗೆರೆಯ ಚಾರ್ಟ್. ಅದು 3ರಿಂದ ಶುರುವಾದರೂ ಪರವಾಗಿಲ್ಲ, ಸೊನ್ನೆಯಿಂದ ಎಳೆದರೆ ಏರಿಳಿತವೇ ಕಾಣದು. ತ್ರೀಡಿ ಚಾರ್ಟ್ ಬೇಡವೇ ಬೇಡ.

‘ನುಡಿ’ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರುಗಳು ಚಾರ್ಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಸವಾಗಿ ಕಂಡರೆ ಗಾಬರಿ ಬೇಡ, ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಜೆರಾಕ್ಸ್ ಹಂಚುವುದಾದರೆ ಬಣ್ಣ ನಂಬಬೇಡಿ, ಡೇಟಾ ಲೇಬಲ್ಸ್ ಒತ್ತಿ ಕಂಬದ ತಲೆ ಮೇಲೇ ಲೀಟರ್ ಬರುವಂತೆ ಮಾಡಿ.