ಎರಡೂವರೆ ವರ್ಷದ ಮಗುವಿಗೆ ಮನೆಯಲ್ಲೇ ಒಂದು ವಿಷಯ ಹಿಡಿದು ಏನೇನು ಕೈಕೆಲಸ ಮಾಡಿಸಬಹುದು?

ತರಕಾರಿಯನ್ನೇ ವಿಷಯ ಮಾಡಿಕೊಳ್ಳಿ. ಹೆಚ್ಚು ಖರ್ಚಿಲ್ಲ, ಬೇಕಾದ್ದೆಲ್ಲ ಅಡುಗೆಮನೆಯಲ್ಲೇ ಇರುತ್ತದೆ.

ಮೊದಲು ಬೆಂಡೆಕಾಯಿ ಅಚ್ಚು. ಬಲಿತ ಕಾಯಿಯೇ ಇರಲಿ, ಎಳೆಯದು ಒತ್ತಿದರೆ ನಜ್ಜಾಗುತ್ತದೆ. ಅಡ್ಡಕ್ಕೆ ಕತ್ತರಿಸಿದರೆ ಸಾಮಾನ್ಯವಾಗಿ ಐದು ಮೂಲೆಯ ಹೂವು ಕಾಣುತ್ತದೆ. ತೊಟ್ಟಿನ ಕಡೆ ಉದ್ದ ಬಿಡಿ, ಅದೇ ಹಿಡಿಕೆ. ಲೋಳೆ ಒರೆಸಿ, ಆಗಲೇ ಅಚ್ಚು ಚೆನ್ನಾಗಿ ಮೂಡುವುದು. ಬಣ್ಣಕ್ಕೆ ಬೀಟ್‌ರೂಟ್ ರಸ ಸಾಕು. ಸ್ವಲ್ಪ ಮೈದಾ ಕಲಸಿದರೆ ಜಾಸ್ತಿ ಹರಿಯುವುದಿಲ್ಲ. ಹಳೇ ಬಟ್ಟೆ ಹಾಕಿ ಕೂರಿಸಿ, ಕಲೆ ಆಗೇ ಆಗುತ್ತೆ.

ನನಗೆ ಇಷ್ಟವಾದದ್ದು ಅರಿಸಿನದ ಆಟ. ಅರಿಸಿನದ ನೀರನ್ನು ಬಿಳಿ ಕಾಗದಕ್ಕೆ ಬಳಿದು ಒಣಗಿಸಿ. ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಬ್ರಶ್ ಅದ್ದಿ ಗೀಚಲಿ. ಹಳದಿಯ ಮೇಲೆ ಕೆಂಪು ಗೆರೆ ಮೂಡುತ್ತದೆ! ಸೋಡಾ ಕ್ಷಾರ, ಅದು ತಾಗಿದರೆ ಅರಿಸಿನದ ಬಣ್ಣ ಬದಲಾಗುತ್ತದೆ. ಅರಿಸಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಹೀಗೇ. ಮಗುವಿನ ಕೈಗೆ ಸುಣ್ಣ ಮಾತ್ರ ಬೇಡ, ಸುಡುತ್ತದೆ.

ಕಲಿಕೆಗೆ, ಆಲೂಗಡ್ಡೆ ಈರುಳ್ಳಿ ಬೇರೆ ಬೇರೆ ಬುಟ್ಟಿಗೆ ಹಾಕಿಸಿ. ದೊಡ್ಡದು ಯಾವುದು, ಚಿಕ್ಕದು ಯಾವುದು ಕೇಳಿ. ಈ ವಯಸ್ಸಿಗೆ ಅಕ್ಷರ ತಿದ್ದಿಸುವ ಆತುರ ಬೇಡ.

ಬಟಾಣಿ, ಕಡಲೆಬೀಜ, ಒಣ ಅವರೆ ಆಟಕ್ಕೆ ಕೊಡಲೇಬೇಡಿ. ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಮೂಗಿಗೂ ತುರುಕಿಕೊಳ್ಳುತ್ತಾರೆ. ಐದು ನಿಮಿಷಕ್ಕೇ ಎದ್ದು ಓಡಿದರೆ ಸುಮ್ನೆ ಬಿಟ್ಟುಬಿಡಿ.