ಪ್ರಶ್ನೋತ್ತರ: ಕ್ಯಾಲ್ಕುಲೇಟರ್ ಹೇಳುವ ಕೋನ, ನಮಗೆ ಬೇಕಾದ ಕೋನ

ಪ್ರಶ್ನೆ: ಸೈನ್ ಬೆಲೆ 0.5 ಆಗಿರುವ ಕೋನವನ್ನು ತಿಳಿಯಲು ಸೈನ್⁻¹ ಒತ್ತಿದರೆ ನನ್ನ ಕ್ಯಾಲ್ಕುಲೇಟರ್ 30 ಎನ್ನುತ್ತದೆ, ಅಣ್ಣನ ಮೊಬೈಲ್ 0.5236 ಎನ್ನುತ್ತದೆ, ಗೆಳತಿಯ ಹಳೆಯ ಕ್ಯಾಲ್ಕುಲೇಟರ್ 33.33 ತೋರಿಸುತ್ತದೆ. ಯಾವುದು ಸರಿ? ಸೈನ್⁻¹ ಎಂದರೆ ಒಂದನ್ನು ಸೈನ್‌ನಿಂದ ಭಾಗಿಸುವುದೇ ಅಲ್ಲವೇ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಮೂರೂ ಸರಿ, ಬೇರೆಯಾಗಿರುವುದು ಕೋನವಲ್ಲ, ಅದನ್ನು ಅಳೆದ ಮಾನ. ಮೊದಲನೆಯದು ಡಿಗ್ರಿಯಲ್ಲಿದೆ, ಎರಡನೆಯದು ರೇಡಿಯನ್‌ನಲ್ಲಿದೆ, ಮೂರನೆಯದು ಲಂಬಕೋನವನ್ನು ನೂರು ಭಾಗ ಮಾಡುವ ಗ್ರೇಡಿಯನ್‌ನಲ್ಲಿದೆ. ಪರದೆಯ ಮೇಲ್ಭಾಗದಲ್ಲಿ ಕಾಣುವ ಡಿ, ಆರ್, ಜಿ ಎಂಬ ಸಣ್ಣ ಅಕ್ಷರಗಳು ಇದನ್ನೇ ಸೂಚಿಸುತ್ತವೆ. ಆ ಅಕ್ಷರ ಕಣ್ಣಿಗೆ ಬೀಳದಿದ್ದರೆ ಟ್ಯಾನ್⁻¹ 1 ಒತ್ತಿ ನೋಡಿ: 45 ಬಂದರೆ ಡಿಗ್ರಿ, 0.785 ಬಂದರೆ ರೇಡಿಯನ್, 50 ಬಂದರೆ ಗ್ರೇಡಿಯನ್. ಕ್ಯಾಸಿಯೋದ ಹಲವು ಮಾದರಿಗಳಲ್ಲಿ ಶಿಫ್ಟ್ ಒತ್ತಿ, ನಂತರ ಮೋಡ್ ಅಥವಾ ಮೆನು ಒತ್ತಿದರೆ ಮಾನವನ್ನು ಬದಲಾಯಿಸುವ ಆಯ್ಕೆ ಸಿಗುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರ, ಅಲ್ಲ. ಇಲ್ಲಿ ತಲೆಯ ಮೇಲಿರುವ −1 ಘಾತಾಂಕವಲ್ಲ. 1813ರಲ್ಲಿ ಜಾನ್ ಹರ್ಷೆಲ್ ಬಳಕೆಗೆ ತಂದ ವಿಲೋಮದ, ಅಂದರೆ ಬೆಲೆಯಿಂದ ಕೋನಕ್ಕೆ ಹಿಂದಿರುಗುವುದರ ಚಿಹ್ನೆ. ಸೈನ್² ಎಂದು ಬರೆದಾಗ ಅದೇ ಜಾಗದಲ್ಲಿರುವ 2 ನಿಜವಾದ ಘಾತಾಂಕವೇ ಆಗಿರುವುದರಿಂದ ವಿದ್ಯಾರ್ಥಿಗಳಿಗೆ ಗೊಂದಲವಾಗುವುದು ಸಹಜ, ಮತ್ತು ಅದಕ್ಕೆ ಅವರನ್ನು ದೂರುವುದು ನ್ಯಾಯವಲ್ಲ. ಡಿಗ್ರಿಯಲ್ಲಿ ಸೈನ್ 0.5 ಕಂಡುಹಿಡಿದು ಅದರ ವ್ಯುತ್ಕ್ರಮವನ್ನು ತೆಗೆದರೆ 114.59 ಬರುತ್ತದೆ, 30 ಅಲ್ಲ.

ಪ್ರಶ್ನೆ: ಕ್ಯಾಲ್ಕುಲೇಟರಿನಲ್ಲಿ ಕಾಟ್⁻¹, ಸೆಕ್⁻¹ ಕೀಲಿಗಳೇ ಇಲ್ಲವಲ್ಲ?
– ಓದುಗರು, ಗದಗ

ಉತ್ತರ: ಬೇಕಾಗಿಲ್ಲ. ಸೆಕ್⁻¹ 2 ಬೇಕಿದ್ದರೆ ಕಾಸ್⁻¹ (1/2) ಒತ್ತಿದರೆ 60 ಡಿಗ್ರಿ ಸಿಗುತ್ತದೆ. ಕೊಸೆಕ್⁻¹ಗೂ ಸೈನ್⁻¹ ಬಳಸಿ ಹೀಗೆಯೇ ಮಾಡಬಹುದು. ಕಾಟ್⁻¹ಗೆ ಮಾತ್ರ ಎಚ್ಚರ ಬೇಕು. ಕಾಟ್⁻¹ (−1) ಬೇಕೆಂದು ಟ್ಯಾನ್⁻¹ (1/−1) ಒತ್ತಿದರೆ −45 ಬರುತ್ತದೆ, ಆದರೆ ಪಿಯುಸಿ ಪಠ್ಯದ ಪ್ರಕಾರ ಪ್ರಧಾನ ಬೆಲೆ, ಅಂದರೆ ಸಾಧ್ಯವಿರುವ ಹಲವು ಕೋನಗಳಲ್ಲಿ ಉತ್ತರವೆಂದು ಒಪ್ಪಿಕೊಂಡ ಒಂದು, 135 ಡಿಗ್ರಿ. ಆದ್ದರಿಂದ 90ರಿಂದ ಟ್ಯಾನ್⁻¹ (−1) ಅನ್ನು ಕಳೆಯುವ ವಿಧಾನವನ್ನೇ ರೂಢಿಸಿಕೊಳ್ಳಿ.

ಪ್ರಶ್ನೆ: ಸರ್ವೆ ಲೆಕ್ಕದಲ್ಲಿ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಪೂರ್ವದ ಅಂತರ −40 ಮೀಟರ್, ಉತ್ತರದ ಅಂತರ −30 ಮೀಟರ್ ಇದೆ. ಟ್ಯಾನ್⁻¹ ಬಳಸಿದಾಗ ಬೇರಿಂಗ್ (ಉತ್ತರದಿಂದ ಪ್ರದಕ್ಷಿಣವಾಗಿ ಅಳೆದ ದಿಕ್ಕಿನ ಕೋನ) 53.13 ಡಿಗ್ರಿ ಎಂದು ಬರುತ್ತದೆ. ನಕ್ಷೆಯಲ್ಲಿ ನೋಡಿದರೆ ಆ ಗೆರೆ ನೈರುತ್ಯಕ್ಕೆ ಹೋಗುತ್ತದೆ. ಎಲ್ಲಿ ತಪ್ಪುತ್ತಿದೆ?
– ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿ, ಹಾಸನ

ಉತ್ತರ: ತಪ್ಪುತ್ತಿರುವುದು ಭಾಗಾಕಾರದಲ್ಲಿ. −40ನ್ನು −30ರಿಂದ ಭಾಗಿಸಿದೊಡನೆ ಎರಡೂ ಋಣ ಚಿಹ್ನೆಗಳು ಅಳಿಸಿಹೋಗಿ 1.333 ಉಳಿಯುತ್ತದೆ, ಮತ್ತು 40ನ್ನು 30ರಿಂದ ಭಾಗಿಸಿದರೂ ಅದೇ ಸಂಖ್ಯೆ ಬರುವುದರಿಂದ ಗೆರೆ ಈಶಾನ್ಯಕ್ಕೆ ಹೋಗುತ್ತಿದೆಯೋ ನೈರುತ್ಯಕ್ಕೆ ಹೋಗುತ್ತಿದೆಯೋ ಎಂಬುದನ್ನು ತಿಳಿಯಲು ಯಂತ್ರಕ್ಕೆ ಯಾವ ದಾರಿಯೂ ಇರುವುದಿಲ್ಲ. ಒಂದೇ ಟ್ಯಾನ್ ಬೆಲೆಯುಳ್ಳ ಅಸಂಖ್ಯ ಕೋನಗಳಲ್ಲಿ ಅದು −90 ಮತ್ತು 90ರ ನಡುವೆ ಇರುವ ಒಂದನ್ನು ಆರಿಸಿಕೊಡುತ್ತದೆ, ಅಷ್ಟೇ. ನಿಮ್ಮ ಗೆರೆ ಮೂರನೆಯ ಚತುರ್ಥಕದಲ್ಲಿರುವುದರಿಂದ 180 ಕೂಡಿಸಬೇಕು, ಬೇರಿಂಗ್ 233.13 ಡಿಗ್ರಿ.

ಪ್ರತಿ ಸಲವೂ ನಕ್ಷೆ ನೋಡಿ ಕೂಡಿಸುವ ಕೆಲಸವನ್ನು ತಪ್ಪಿಸಬೇಕಿದ್ದರೆ ಎರಡು ಅಂತರಗಳನ್ನೂ ಭಾಗಿಸದೆ ಬೇರೆ ಬೇರೆಯಾಗಿಯೇ ಕೊಡಿ. ಕ್ಯಾಸಿಯೋದಲ್ಲಿ ಅದಕ್ಕೆಂದೇ ಪೋಲ್ ಎಂಬ ಸೌಲಭ್ಯವಿದೆ. ಬೇರಿಂಗನ್ನು ಉತ್ತರದಿಂದ ಅಳೆಯುವುದರಿಂದ ಮೊದಲು ಉತ್ತರದ ಅಂತರವನ್ನು, ಅಲ್ಪವಿರಾಮದ ನಂತರ ಪೂರ್ವದ ಅಂತರವನ್ನು ಕೊಡಬೇಕು. −30, −40 ಕೊಟ್ಟರೆ ದೂರ 50 ಮೀಟರ್ ಎಂದೂ ಕೋನ −126.87 ಎಂದೂ ಬರುತ್ತದೆ. ಋಣ ಬಂದಾಗ 360 ಕೂಡಿಸಿದರೆ ಅದೇ 233.13.

ಕಂಪ್ಯೂಟರಿನಲ್ಲಿ ಇದೇ ಕೆಲಸಕ್ಕೆ ಎಟ್ಯಾನ್2 ಇದೆ, ಆದರೆ ಅದರಲ್ಲೊಂದು ಕಿರಿಕಿರಿಯೂ ಇದೆ. ಎಕ್ಸೆಲ್ ಎಕ್ಸ್ ಅಕ್ಷದ ಅಳತೆಯನ್ನು ಮೊದಲು ಕೇಳುತ್ತದೆ. ಸಿ, ಪೈಥಾನ್ ಮುಂತಾದ ಭಾಷೆಗಳು ವೈ ಅಕ್ಷದ ಅಳತೆಯನ್ನು ಮೊದಲು ಕೇಳುತ್ತವೆ. ಬೇರಿಂಗ್ ಲೆಕ್ಕದಲ್ಲಿ ಎಕ್ಸ್ ಸ್ಥಾನದಲ್ಲಿರುವುದು ಉತ್ತರದ ಅಂತರವಾದ್ದರಿಂದ ಎಕ್ಸೆಲ್‌ನಲ್ಲಿ −30, −40 ಎಂದೂ ಪೈಥಾನ್‌ನಲ್ಲಿ −40, −30 ಎಂದೂ ಬರೆಯಬೇಕಾಗುತ್ತದೆ. ಒಂದರಿಂದ ಇನ್ನೊಂದಕ್ಕೆ ಸೂತ್ರವನ್ನು ನಕಲು ಮಾಡುವಾಗ ಈ ಕ್ರಮ ತಪ್ಪಿದರೆ ಯಾವ ದೋಷಸೂಚನೆಯೂ ಬರುವುದಿಲ್ಲ, ತಪ್ಪು ದಿಕ್ಕು ಮಾತ್ರ ಬರುತ್ತದೆ. ಎರಡೂ ಕಡೆ ಉತ್ತರ ರೇಡಿಯನ್‌ನಲ್ಲಿರುತ್ತದೆ. ಎಕ್ಸೆಲ್‌ನ ಡಿಗ್ರೀಸ್ ಎಂಬ ಸೂತ್ರ ಅದನ್ನು ಡಿಗ್ರಿಗೆ ತಿರುಗಿಸುತ್ತದೆ.

ಪ್ರಶ್ನೆ: 3, 5, 7 ಬಾಹುಗಳುಳ್ಳ ತ್ರಿಭುಜದ ದೊಡ್ಡ ಕೋನ ಸೈನ್ ನಿಯಮದಿಂದ 60 ಡಿಗ್ರಿ ಎಂದು ಬಂದಿತು, ಆದರೆ ಮೂರೂ ಕೋನಗಳ ಮೊತ್ತ 120 ಮಾತ್ರ ಆಗುತ್ತಿದೆ. ಎಕ್ಸೆಲ್‌ನಲ್ಲಿ ಕೊಸೈನ್ ನಿಯಮ ಹಾಕಿದರೆ ಕೆಲವು ತ್ರಿಭುಜಗಳಿಗೆ ಕೋನದ ಬದಲು ದೋಷಸೂಚನೆ ಬರುತ್ತದೆ. ಪರಿಹಾರವೇನು?
– ಗಣಿತ ಶಿಕ್ಷಕರು, ವಿಜಯಪುರ

ಉತ್ತರ: ಸೈನ್ 60 ಮತ್ತು ಸೈನ್ 120 ಎರಡೂ 0.866 ಆಗಿರುವುದರಿಂದ ಸೈನ್⁻¹ ಎಂದಿಗೂ ವಿಶಾಲ ಕೋನವನ್ನು ತೋರಿಸುವುದಿಲ್ಲ. ಅದರ ವ್ಯಾಪ್ತಿ 90ಕ್ಕೇ ಮುಗಿಯುತ್ತದೆ. ಕಾಸ್⁻¹ನ ವ್ಯಾಪ್ತಿ 0ಯಿಂದ 180ರವರೆಗೆ ಇರುವುದರಿಂದ ತ್ರಿಭುಜದ ಕೋನಕ್ಕೆ ಅದೇ ಸೂಕ್ತ. ಇಲ್ಲಿ ಕೊಸೈನ್ −0.5, ಕೋನ 120.

ಎಕ್ಸೆಲ್‌ನ ದೋಷಸೂಚನೆಗೆ ಕಾರಣ ಬೇರೆ. ಬಾಹುಗಳು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರುವಾಗ ಕೊಸೈನ್ ಬೆಲೆ 1ಕ್ಕೋ −1ಕ್ಕೋ ತೀರಾ ಹತ್ತಿರವಿರುತ್ತದೆ, ಮತ್ತು ಕೊನೆಯ ದಶಮಾಂಶ ಸ್ಥಾನದ ಸಣ್ಣ ವ್ಯತ್ಯಾಸದಿಂದ ಅದು 1ನ್ನು ಕೂದಲೆಳೆಯಷ್ಟು ಮೀರಬಹುದು. ಸೆಲ್‌ನಲ್ಲಿ 1 ಎಂದೇ ಕಾಣುವುದರಿಂದ ಬಳಸುವವರಿಗೆ ಇದು ಹೊಳೆಯುವುದಿಲ್ಲ. ಮಿನ್, ಮ್ಯಾಕ್ಸ್ ಸೂತ್ರಗಳಿಂದ ಬೆಲೆಯನ್ನು −1 ಮತ್ತು 1ರ ನಡುವೆ ಹಿಡಿದಿಟ್ಟರೆ ಸೂಚನೆ ಮಾಯವಾಗುತ್ತದೆ, ಆದರೆ ನಿಖರತೆ ಹೆಚ್ಚುವುದಿಲ್ಲ: ಕಾಸ್ 1 ಡಿಗ್ರಿ 0.99985, ಕಾಸ್ 2 ಡಿಗ್ರಿ 0.99939. ಕೋನ ಇಮ್ಮಡಿಯಾದರೂ ಕೊಸೈನ್ ಇಷ್ಟೇ ಕದಲುವ ಜಾಗದಲ್ಲಿ ಅದರಿಂದ ಕೋನವನ್ನು ನಿಖರವಾಗಿ ಪಡೆಯುವುದು ಕಷ್ಟ.

ನನಗೆ ಹಿಡಿಸುವುದು ಅರ್ಧಕೋನದ ಸೂತ್ರ. ನಿಮ್ಮ ತ್ರಿಭುಜದ ಅರ್ಧ ಸುತ್ತಳತೆ 7.5, ಅದರಿಂದ 3 ಮತ್ತು 5ನ್ನು ಬೇರೆ ಬೇರೆ ಕಳೆದರೆ ಸಿಗುವ 4.5 ಮತ್ತು 2.5ರ ಗುಣಲಬ್ಧವನ್ನು, 7.5 ಮತ್ತು ಅದರಿಂದ 7ನ್ನು ಕಳೆದರೆ ಸಿಗುವ 0.5ರ ಗುಣಲಬ್ಧದಿಂದ ಭಾಗಿಸಿದರೆ 3. ಅದರ ವರ್ಗಮೂಲ 1.732, ಟ್ಯಾನ್⁻¹ 60, ಎರಡರಷ್ಟು ಮಾಡಿದರೆ 120. ಅರ್ಧಕೋನ ಯಾವಾಗಲೂ 90ಕ್ಕಿಂತ ಕಡಿಮೆಯಿರುವುದರಿಂದ ಇಲ್ಲಿ ಕೋನವನ್ನು ಆರಿಸುವ ಸಮಸ್ಯೆಯೇ ಬರುವುದಿಲ್ಲ. ಛೇದ ಸೊನ್ನೆಯಾದರೆ ಮೂರೂ ಬಿಂದುಗಳು ಒಂದೇ ಸರಳರೇಖೆಯಲ್ಲಿವೆ, ಕೋನ 180 ಡಿಗ್ರಿ.