ಸೈಕಲ್‌ಗೆ ಹೊಸ ಕಾನೂನು ಬಂತಾ?

ನಿಮ್ಮ ಪ್ರಶ್ನೆ, ನಮ್ಮ ಉತ್ತರ
(ಉತ್ತರಿಸುವವರು: ರಸ್ತೆ ಅಪಘಾತದ ಕೇಸು ನಡೆಸುವ ಶಿವಮೊಗ್ಗದ ವಕೀಲರು, ದಿನಾ ಸೈಕಲ್ ತುಳಿಯುವವರು)

ಪ್ರಶ್ನೆ: ಗಾಜನೂರಿನಿಂದ ಶಿವಮೊಗ್ಗಕ್ಕೆ ಸೈಕಲ್‌ನಲ್ಲೇ ಕೆಲಸಕ್ಕೆ ಬರುತ್ತೇನೆ. ತೀರ್ಥಹಳ್ಳಿ ಬಸ್ಸುಗಳು ಮೈ ಸವರಿದ ಹಾಗೆ ಹೋಗುತ್ತವೆ. ಸೈಕಲ್ ಪಕ್ಕ ಒಂದೂವರೆ ಮೀಟರ್ ಜಾಗ ಬಿಡದಿದ್ದರೆ ದಂಡ ಅಂತ ಕಾನೂನು ಬಂದಿದೆ ಎಂದು ವಾಟ್ಸಾಪ್‌ನಲ್ಲಿ ನೋಡಿದೆ. ನಮ್ಮ ಅಂಗಡಿಯ ಅಣ್ಣ, ‘ಇನ್ನು ಹೆದ್ದಾರಿಗೆ ಸೈಕಲ್ಲೇ ಬಿಡಲ್ಲವಂತೆ’ ಅಂತಾರೆ. ಯಾವುದು ನಿಜ?

ಉತ್ತರ: ಎರಡೂ ಅಲ್ಲ. ಆದರೆ ಎರಡೂ ಪೂರ್ತಿ ಗಾಳಿಸುದ್ದಿಯೂ ಅಲ್ಲ.

ಒಂದೂವರೆ ಮೀಟರ್ ಲೆಕ್ಕ ಹೊರದೇಶದ್ದು. ಜರ್ಮನಿಯಲ್ಲಿ 2020ರಿಂದ ಊರೊಳಗೆ ಒಂದೂವರೆ ಮೀಟರ್, ಊರ ಹೊರಗೆ ಎರಡು ಮೀಟರ್ ಬಿಟ್ಟೇ ಸೈಕಲ್ ದಾಟಬೇಕು. ನಮ್ಮಲ್ಲಿ ಹಾಗೆ ಟೇಪು ಹಿಡಿದು ಅಳೆಯುವ ನಿಯಮ ಇಲ್ಲ. ಇರುವುದು 2017ರ ಮೋಟಾರು ವಾಹನ ಚಾಲನಾ ನಿಯಮಗಳು. ನಡೆದುಹೋಗುವವರು, ಸೈಕಲ್‌ನವರು, ಮಕ್ಕಳು, ವಯಸ್ಸಾದವರ ಬಗ್ಗೆ ಚಾಲಕ ಜಾಸ್ತಿ ಎಚ್ಚರ ವಹಿಸಬೇಕು ಅಂತ ಅದರಲ್ಲಿದೆ. ಮುಂದಿನ ರಸ್ತೆ ಕಾಣದ ತಿರುವಿನಲ್ಲಿ, ದಿಬ್ಬದಲ್ಲಿ ಓವರ್‌ಟೇಕ್ ಮಾಡುವಂತಿಲ್ಲ. ಘಾಟಿಯಲ್ಲಿ ಏರುವವರಿಗೆ ಇಳಿಯುವವರು ದಾರಿ ಬಿಡಬೇಕು. ಇದನ್ನೆಲ್ಲ ಪಾಲಿಸಿದರೇ ನಮ್ಮ ಅರ್ಧ ಕಷ್ಟ ತೀರುತ್ತದೆ.

ಆದರೂ ಅಳತೆ ಬೇಕು ಅನ್ನೋ ಪೈಕಿ ನಾನು. ‘ಎಚ್ಚರವಾಗಿಯೇ ಹೋದೆ ಸ್ವಾಮಿ’ ಅಂತ ಯಾವ ಡ್ರೈವರಾದರೂ ಹೇಳಬಹುದು. ಮಂಡಗದ್ದೆ ಹತ್ತಿರ ಒಂದು ಬಸ್ಸು ನನ್ನನ್ನು ಬೀಳಿಸಿತು, ಮುಟ್ಟದೆಯೇ. ಬಸ್ಸಿನ ಮೂತಿ ದಾಟುವಾಗ ಗಾಳಿ ನಿಮ್ಮನ್ನು ಹೊರಗೆ ತಳ್ಳುತ್ತದೆ. ಹಿಂಭಾಗ ದಾಟುವಾಗ ಒಳಗೆ ಎಳೆಯುತ್ತದೆ. ತಳ್ಳಿದಾಗ ನನ್ನ ಮುಂದಿನ ಚಕ್ರ ಟಾರಿನ ಅಂಚಿನಿಂದ ಜಾರಿತು. ಮಳೆಗಾಲ ಮುಗಿದ ಮೇಲೆ ಆ ಅಂಚು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಮಣ್ಣು ಕೊಚ್ಚಿಹೋಗಿ ಟಾರು ಗೇಣುದ್ದ ಮೇಲೆ ನಿಂತಿರುತ್ತದೆ. ಕೆಳಗಿಳಿದ ಚಕ್ರ ಮತ್ತೆ ಮೇಲೆ ಹತ್ತುವುದಿಲ್ಲ. ಮೊಣಕೈ ಸಿಪ್ಪೆ ಎದ್ದಿತು, ಅಷ್ಟೇ. ಬಸ್ಸಿನವರಿಗೆ ಗೊತ್ತಾಗಲೂ ಇಲ್ಲ.

ಅದಕ್ಕೇ ಹೇಳೋದು: ಅಂಚಿಗೇ ಅಂಟಿಕೊಂಡು ತುಳಿಯಬೇಡಿ. ಒಂದೆರಡು ಅಡಿ ಒಳಗೇ ಇರಿ. ಎಡಬದಿ ಅಂದರೆ ಚರಂಡಿ ಅಲ್ಲವಲ್ಲ!

ಈಗ ನಿಮ್ಮ ಅಣ್ಣನ ಮಾತು. ನನಗೆ ನಿಜವಾಗಿ ಯೋಚನೆ ಹತ್ತಿರುವುದು ಇದೇ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 138(1ಎ) ಅಂತ ಒಂದು ಉಪಕಲಂ ಸೇರಿತು. ಮೋಟಾರಿಲ್ಲದ ವಾಹನ ಮತ್ತು ಪಾದಚಾರಿಗಳು ಎಲ್ಲಿ, ಹೇಗೆ ಓಡಾಡಬಹುದು ಅಂತ ರಾಜ್ಯ ಸರ್ಕಾರ ನಿಯಮ ಮಾಡಬಹುದು ಅನ್ನುತ್ತದೆ ಅದು. ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಪ್ರಾಧಿಕಾರದ ಜೊತೆ ಮಾತಾಡಿ ಮಾಡಬೇಕು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಆರು ತಿಂಗಳಲ್ಲಿ ಈ ನಿಯಮ ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು. ಕೋರ್ಟಿನ ಉದ್ದೇಶ ನಮ್ಮನ್ನು ಕಾಪಾಡುವುದು. ಆದರೆ ‘ಎಲ್ಲಿ ಓಡಾಡಬಹುದು’ ಎಂದು ಹೇಳುವ ಅಧಿಕಾರದಲ್ಲೇ ‘ಎಲ್ಲಿ ಓಡಾಡಬಾರದು’ ಅನ್ನೋದೂ ಸೇರಿದೆ ಅಲ್ವಾ?

ಬಯಲುಸೀಮೆಯ ಎಕ್ಸ್‌ಪ್ರೆಸ್‌ ಹೆದ್ದಾರಿಗೆ ಸೈಕಲ್ ಬೇಡ ಅಂದರೆ ಪಕ್ಕದಲ್ಲಿ ಸರ್ವಿಸ್ ರಸ್ತೆ ಇರುತ್ತದೆ. ನಮ್ಮಲ್ಲಿ? ತೀರ್ಥಹಳ್ಳಿಗೆ ಹೋಗುವ 169, ಸಾಗರಕ್ಕೆ ಹೋಗುವ 69, ಎರಡೂ ರಾಷ್ಟ್ರೀಯ ಹೆದ್ದಾರಿಗಳೇ. ಶಾಲೆಗೆ, ಹಾಲಿನ ಡೇರಿಗೆ, ಸೊಸೈಟಿಗೆ ಹೋಗೋದೂ ಅದರಲ್ಲೇ. ಒಂದು ಕಡೆ ಧರೆ, ಇನ್ನೊಂದು ಕಡೆ ಹೊಳೆ. ಎರಡನೇ ರಸ್ತೆ ಎಲ್ಲಿಂದ ತರೋದು? ಶಿಕಾರಿಪುರದ ಯಡಿಯೂರಪ್ಪನವರು ಹಣಕಾಸು ಮಂತ್ರಿಯಾಗಿದ್ದಾಗ, 2006-07ರಲ್ಲಿ, ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಸರ್ಕಾರವೇ ಕೊಟ್ಟ ಆ ಸೈಕಲ್‌ಗಳು ಓಡಿದ್ದು ಇವೇ ರಸ್ತೆಗಳಲ್ಲಿ.

ಕಾಯ್ದೆ ಪ್ರಕಾರ ಇಂಥ ನಿಯಮದ ಕರಡನ್ನು ಮೊದಲು ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆ ಕೇಳಲೇಬೇಕು. ಆಗ ಒಂದು ಪುಟ ಬರೆದು ಕಳಿಸಿ. ಸೈಕಲ್‌ಗೆ ನಿಷೇಧ ಬೇಡ, ಟಾರಿನ ಪಕ್ಕ ಗಟ್ಟಿ ಅಂಚು ಕೊಡಿ, ದಾಟುವ ಅಂತರಕ್ಕೆ ಒಂದು ಅಳತೆ ಹಾಕಿ ಅಂತ ಕೇಳಿ.

ಅಂದಹಾಗೆ ನಮ್ಮವರೂ ಸಾಚಾಗಳೇನಲ್ಲ. ರಾಂಗ್ ಸೈಡಲ್ಲಿ ಬರೋದು, ಕತ್ತಲಾದ ಮೇಲೆ ಲೈಟಿಲ್ಲದೆ ಓಡಿಸೋದು. ಹಿಂದೆ ಲೈಟಿಲ್ಲದ ಸೈಕಲ್ ಸಿಕ್ಕರೆ ಪೊಲೀಸರು ಚಕ್ರದ ಗಾಳಿ ಬಿಟ್ಟು ಕಳಿಸುತ್ತಿದ್ದರು. ಈಗ ಹಾಗಿಲ್ಲ, ಆದರೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಸೈಕಲ್‌ಗೂ ಅನ್ವಯ. ಅಡ್ಡಾದಿಡ್ಡಿ ಓಡಿಸಿ ಬೇರೆಯವರಿಗೆ ಅಪಾಯ ತಂದರೆ ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೆಲ್ಮೆಟ್ ಕಡ್ಡಾಯ ಇರುವುದು ಬೈಕಿನವರಿಗೆ. ನಾನಂತೂ ಹಾಕುತ್ತೇನೆ.

ಪ್ರಶ್ನೆ: ಅಪ್ಪನಿಗೆ ಎಲೆಕ್ಟ್ರಿಕ್ ಸೈಕಲ್ ಕೊಡಿಸಬೇಕು. ನಂಬರ್, ಲೈಸೆನ್ಸ್ ಬೇಕಾ? (ಹೊಸನಗರದಿಂದ)

ಉತ್ತರ: ಮೋಟಾರು 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಒಳಗೆ ಇದ್ದರೆ ಏನೂ ಬೇಡ. ಅಂಗಡಿಯವರು ‘ನಲವತ್ತರ ತನಕ ಓಡುತ್ತೆ ಸಾರ್’ ಅಂತ ಖುಷಿಯಿಂದ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅದು ಸೈಕಲ್ ಅಲ್ಲ.

ಪ್ರಶ್ನೆ: ಸೈಕಲ್‌ಗೆ ಇನ್ಶೂರೆನ್ಸ್ ಇಲ್ಲ. ಯಾವುದೋ ಗಾಡಿ ಗುದ್ದಿ ಓಡಿಹೋದರೆ ನಮಗೆ ಏನೂ ಸಿಗೋದಿಲ್ಲವಾ? (ಆಯನೂರಿನಿಂದ)

ಉತ್ತರ: ಸಿಗುತ್ತದೆ. ಇನ್ಶೂರೆನ್ಸ್ ಇರಬೇಕಾದ್ದು ಗುದ್ದಿದ ಗಾಡಿಗೆ. ಗಾಡಿ ಪತ್ತೆಯಾಗದಿದ್ದರೆ, ಜೀವ ಹೋದಾಗ ಮನೆಯವರಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50 ಸಾವಿರ ರೂಪಾಯಿ ಪರಿಹಾರ ಇದೆ. 2022ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಕಡಿಮೆಯೇ, ಒಪ್ಪುತ್ತೇನೆ. ಆಸ್ಪತ್ರೆ ಖರ್ಚಿಗೆ 2025ರ ಮೇ ತಿಂಗಳಿಂದ ನಗದುರಹಿತ ಚಿಕಿತ್ಸೆ ಯೋಜನೆ ಇದೆ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷದ ತನಕ.

ಎಲ್ಲಕ್ಕೂ ಪೊಲೀಸ್ ದೂರು ಬೇಕೇ ಬೇಕು. ‘ಹೋಗ್ಲಿ ಬಿಡಿ’ ಅಂತ ಅರಿಶಿನ ಒತ್ತಿಕೊಂಡು ಮನೆಗೆ ಹೋದವರ ಕೇಸು ನನ್ನ ಹತ್ತಿರ ಬಂದಾಗ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. 112ಕ್ಕೆ ಫೋನ್ ಮಾಡಿ. ನಂಬರ್ ಕಾಣದಿದ್ದರೆ ಬಣ್ಣ, ಹೋದ ದಿಕ್ಕು, ಟೈಮು ನೆನಪಿಡಿ. ಬಸ್ಸಾದರೆ ಟೈಮೊಂದೇ ಸಾಕು. ಎಂಟು ಹತ್ತರ ಬಸ್ಸು ಯಾವುದು ಅಂತ ಪಕ್ಕದ ಚಾ ಅಂಗಡಿಯವರೇ ಹೇಳುತ್ತಾರೆ.